ನಿಂತ ಹುಡುಗಿ

ಬೆಳಿಗ್ಗೆಯಿಂದ ದಮಯಂತಿಗೆ ತನ್ನ ಗಂಟಲಿನದೇ ಚಿಂತೆ. ಡೊಂಬಿವಲಿಯ ತನ್ನ ಒಂದು ಕೋಣೆ, ಒಂದು ಅಡುಗೆಮನೆಯ ಸಂಸಾರದಲ್ಲಿ ಕನ್ನಡಿಯ ಮುಂದೆ ನಿಂತು ‘ಏಳಿ!’ ಎಂದು ಒಮ್ಮೆ ಕೂಗಿ ನೋಡಿದ್ದಳು. ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದ ಹಾಗೆ ಏನೋ ಹೊರಬಂತು. ಗೋಡೆಯಾಚೆಯ ಮರಾಠಿ ಹೆಂಗಸು “ಕಾಯ್ ಝಾಲಂ, ಮಾವಶಿ?” ಎಂದು, ಏನಾಯಿತೆಂದು ಕೇಳಿದಾಗ ನಾಚಿಕೆಯಾಗಿ ನಲ್ಲಿ ತಿರುಗಿಸಿ ಸುಮ್ಮನೆ ನೀರು ಬಿಟ್ಟಳು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಘಣಸೋಲಿಯ ಮೇಲಿನ ಕಲ್ಲು ಖಾಣಿಯ ಕನ್ನಡ ಶಾಲೆಯಲ್ಲಿ, ಕ್ರಷರಿನ ಗದ್ದಲವನ್ನು ಮೀರಿ, ಕೋಲಿಲ್ಲದೆ, ಬರೀ ಆ ಒಂದು ಶಬ್ದದಿಂದ ನಾಲ್ಕು ಕ್ಲಾಸುಗಳನ್ನು ಒಟ್ಟಿಗೆ ಎಬ್ಬಿಸುತ್ತಿದ್ದ ಧ್ವನಿ ಅದು. ಮಕ್ಕಳೆಲ್ಲ ಕೆಳಗಿನ ಮರಾಠಿ ಶಾಲೆಗೆ ಇಳಿದು, ಇದು ಮುಚ್ಚಿ ಎರಡು ವರ್ಷ. ಈ ಎರಡು ವರ್ಷ ಆ ಧ್ವನಿಯನ್ನು ತರಕಾರಿಯವನ ಜೊತೆ ಚೌಕಾಸಿಗೆ ಬಿಟ್ಟರೆ ಯಾವುದಕ್ಕೂ ಬಳಸಿರಲಿಲ್ಲ. ನಾಳೆ, ಭಾನುವಾರ, ಅದನ್ನು ನಡೆಸುತ್ತಿದ್ದ ಕನ್ನಡ ಸಂಘದವರು ಆ ಶಾಲೆಯನ್ನು ಸ್ಮಾರಕ ಮಾಡುತ್ತಾರೆ. ಅತಿಥಿಗಳ ಎದುರು ದಮಯಂತಿ ‘ಅಂದಿನ ಹಾಗೆಯೇ’ ಐದು ನಿಮಿಷ ಪಾಠ ಮಾಡಬೇಕು. ಅದಕ್ಕೂ ಮೊದಲು ಇವತ್ತು ಇನ್ನೊಂದು ಕೆಲಸವಿತ್ತು. ಆ ಕೆಲಸದ ಯೋಚನೆ ಬಂದಾಗಲೆಲ್ಲ ಅವಳು ಓಡಿಹೋಗಿ ಮತ್ತೆ ಗಂಟಲಿನ ಯೋಚನೆಯಲ್ಲಿ ಕೂರುತ್ತಿದ್ದಳು. ಈಗ ಠಾಣೆಗೆ ಹೋಗುವ ಲೋಕಲ್ ಗಾಡಿಯಲ್ಲಿ ಮೂವರ ಸೀಟಿಗೆ ನಾಲ್ಕನೆಯವಳಾಗಿ, ಅರ್ಧ ಸೊಂಟ ಹೊರಗೆ ಬಿಟ್ಟು ಕೂತು, ಜೇಷ್ಠಮಧುವಿನ ಚೂರೊಂದನ್ನು ಕೆನ್ನೆಯಲ್ಲಿ ಒತ್ತರಿಸಿಕೊಂಡಿದ್ದಳು.

ಕೆಲಸ ಹೇಳಿದವರು ಜಯಶೀಲರು, ಸಂಘದ ಅಧ್ಯಕ್ಷರು. ಮೊನ್ನೆ ಸ್ಟೇಷನ್ ಎದುರಿನ ತಮ್ಮ ಹೋಟೆಲಿಗೆ ಕರೆಸಿ, ಫ್ಯಾಮಿಲಿ ರೂಮಿನ ಮೂಲೆಯಲ್ಲಿ ಕೂರಿಸಿ, ಏನು ಬೇಕೆಂದು ಕೇಳದೆಯೇ ಅವಳಿಗೊಂದು ಅರ್ಧ ಲೋಟದ ಕಟಿಂಗ್ ಚಹಾ ಹೇಳಿದ್ದರು. ಟೇಬಲ್ಲಿನ ಮೇಲೆ ಗೋಣಿ ಸುತ್ತಿದ ಕಪ್ಪು ಗ್ರಾನೈಟ್ ಕಲ್ಲಿತ್ತು. ಬಿಚ್ಚಿದರು. ಸ್ಥಾಪಕರು ಎಂದು ಜಯಶೀಲರ ತೀರಿಹೋದ ತಂದೆಯ ಹೆಸರು. ಅದರ ಕೆಳಗೆ ಸಣ್ಣದಾಗಿ, ಆದರೆ ಬಂಗಾರದ ಬಣ್ಣದಲ್ಲೇ, ‘ಏಕೈಕ ಶಿಕ್ಷಕಿ: ಕುಮಾರಿ ದಮಯಂತಿ’. ಅವಳು ಮುಟ್ಟಿ ನೋಡಿದಳು. ಉಗುರು ಹೋಗುವಷ್ಟು ಆಳವಾಗಿ ಕೆತ್ತಿದ್ದರು. ಅವಳ ಹೆಸರು ರೇಷನ್ ಕಾರ್ಡಿನಲ್ಲಿ ಬಹಳ ಕಾಲ ಅಣ್ಣನ ಹೆಸರಿನ ಕೆಳಗಿತ್ತು, ಮದುವೆಯ ಕಾಗದದಲ್ಲಂತೂ ಬರಲೇ ಇಲ್ಲ. ಬೆರಳು ಇನ್ನೊಮ್ಮೆ ಆ ಅಕ್ಷರಗಳ ಮೇಲೆ ಹೋಯಿತು. ಅಷ್ಟಿದ್ದರೂ ಬಾಯಿಮಾತಿಗೆ, “ಗೋಡೆ ಕಟ್ಟಿದ್ದು ಖಾಣಿಯವರಲ್ವಾ? ಜಟ್ಟೆಪ್ಪ, ಮತ್ತೆ ಅವನ ಕಡೆಯವರು...” ಎಂದು ಮೆಲ್ಲಗೆ ಎತ್ತಿದಳು. ಜಯಶೀಲರು ನಕ್ಕರು. “ಕಲ್ಲು ಹೊತ್ತವರ ಹೆಸರೆಲ್ಲ ಕೆತ್ತಿಸ್ಲಿಕ್ಕೆ ಹೋದ್ರೆ ಇನ್ನೊಂದು ಖಾಣಿ ತೆಗೀಬೇಕಾದೀತು ಟೀಚರೇ!” ದಮಯಂತಿಯೂ ನಕ್ಕಳು. ನಗು ಮುಗಿಯುವ ಮೊದಲೇ ಅವರು ವಿಷಯಕ್ಕೆ ಬಂದರು: “ಒಳಗೆ ಯಾರೋ ಸಂಸಾರ ಹೂಡಿದ್ದಾರಂತಲ್ಲ ಮಾರಾಯ್ರೆ? ಬೀಗದ ಕೈ ನಿಮ್ಮ ಹತ್ರ ಇದ್ದದ್ದಲ್ವಾ?”

ಇದ್ದದ್ದು ಹೌದು, ಕೊಟ್ಟದ್ದೂ ಹೌದು. ದಸರೆಯ ಹೊತ್ತಿಗೆ ಖಾಣಿಯಲ್ಲಿ ಮದ್ದಿಟ್ಟಾಗ ಸಿಡಿದ ಬಂಡೆಚೂರು ಜಟ್ಟೆಪ್ಪನ ಹೆಂಡತಿ ಭೀಮಮ್ಮನ ಗುಡಿಸಲಿನ ಮೇಲೆ ಬಿದ್ದು ತಗಡೂ ಗೋಡೆಯೂ ಒಟ್ಟಿಗೆ ಕೂತಿದ್ದವು. ಜಟ್ಟೆಪ್ಪ ಸತ್ತು ಬಹಳ ಕಾಲವಾಗಿತ್ತು. ಚೊಚ್ಚಲ ಹೆರಿಗೆಗೆ ಬಂದ ಮಗಳನ್ನು ಎಲ್ಲಿಡಲಿ ಎಂದು ಭೀಮಮ್ಮ ಅತ್ತಿದ್ದಳು. “ಬಾಣಂತನ ಮುಗಿಯುವ ತನಕ ಶಾಲೆಯಲ್ಲೇ ಇರಿ, ಯಾರು ಕೇಳ್ತಾರೆ ನೋಡುವ!” ಎಂದು ಕೀಲಿಕೈಯನ್ನು ದಮಯಂತಿಯೇ ಅವಳ ಅಂಗೈಯಲ್ಲಿಟ್ಟಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ತಾನೆಷ್ಟು ಒಳ್ಳೆಯವಳೆಂದು ತನ್ನ ಕಣ್ಣೇ ತುಂಬಿತ್ತು. ಈಗ ಕೇಳುವವರು ಟೇಬಲ್ಲಿನಾಚೆ ಕೂತು ಕಾಫಿ ಕುಡಿಯುತ್ತಿದ್ದರು. “ನೀವು ಹೇಳಿದ್ರೆ ಕೇಳ್ತಾರೆ. ಪೊಲೀಸು ಗಿಲೀಸು ಅಂತ ಹೋದ್ರೆ ಸುಮ್ಮನೆ ಗಲಾಟೆ. ಶನಿವಾರ ಸಂಜೆಯೊಳಗೆ ಖಾಲಿ ಆಗ್ಲಿ. ಇಲ್ಲದಿದ್ರೆ ಈ ಕಲ್ಲು ಇಲ್ಲೇ ಗೋಣಿಯಲ್ಲಿರ್ತದೆ, ನಾನೆಂತ ಮಾಡ್ಲಿ?” ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದ ಅವರ ಹೆಂಡತಿ ಜಯಲತಾ ದಮಯಂತಿಯ ಸೀರೆಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. “ಟೀಚರೇ, ಭಾನುವಾರ ಕಾಟನ್ ಸೀರೆ ಉಡಿ. ಸ್ವಲ್ಪ ಹಳೇದು. ನಿಮ್ಮತ್ರ ಇದ್ದೇ ಇರ್ತದಲ್ಲ. ಮತ್ತೆ ಒಂದು ಹಳೇ ಸ್ಲೇಟು ತನ್ನಿ, ಗಾಜಿನ ಪೆಟ್ಟಿಗೆಯಲ್ಲಿಡ್ಲಿಕ್ಕೆ. ಆ ನಿಂತ ಹುಡುಗಿಯ ಕಥೆ ಹೇಳ್ಲೇಬೇಕು ನೀವು. ನಂಗೆ ಈಗ್ಲೂ ರೋಮಾಂಚನ ಆಗ್ತದೆ.”

ಠಾಣೆಯಿಂದ ಬೇಲಾಪುರದ ಬಸ್ಸು ಹಿಡಿದಳು. ಕಾರ್ಖಾನೆಗಳ ಗೋಡೆ ಮುಗಿದು ಮತ್ತೆ ಕಾರ್ಖಾನೆಗಳ ಗೋಡೆ. ಮೊದಲ ಸಲ ಈ ದಾರಿಯಲ್ಲಿ ಬಂದಾಗ ಅವಳಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಗುಡ್ಡದ ಬುಡದಲ್ಲಿ ಒಂದೇ ಒಂದು ಕೋಣೆ ಎದ್ದು ನಿಂತಿತ್ತು. ಕಲಬುರ್ಗಿ, ವಿಜಾಪುರದ ಕಡೆಯಿಂದ ಬಂದ ಖಾಣಿಯವರು ಅಮಾವಾಸ್ಯೆಯ ದಿನ ಕಲ್ಲಿಗೆ ಸುತ್ತಿಗೆ ತಾಕಿಸುವುದಿಲ್ಲ. ಆ ಅಮಾವಾಸ್ಯೆಗಳಲ್ಲೇ ಜಟ್ಟೆಪ್ಪನೂ ಇನ್ನಷ್ಟು ಜನರೂ ಸೇರಿ, ಕ್ರಷರಿಗೆ ಬೇಡವಾದ ಕಲ್ಲು ಆಯ್ದು ತಂದು, ವರ್ಷಗಟ್ಟಲೆ ಆ ಗೋಡೆ ಎಬ್ಬಿಸಿದ್ದರು. ಗೋಡೆ ಮುಗಿದ ಮೇಲೆ ಜಯಶೀಲರ ತಂದೆ ಮೇಲಿನ ತಗಡು ಮತ್ತು ಒಂದು ಗಂಟೆ ಕಳಿಸಿದ್ದರು, ಹಿಂದಿನಿಂದ ದಮಯಂತಿಯನ್ನು ಕಳಿಸಿದ್ದರು. ನಾಲ್ಕು ಕ್ಲಾಸುಗಳು ನಾಲ್ಕು ಗೋಡೆಗೆ ಮುಖ ಮಾಡಿ ಕೂರುತ್ತಿದ್ದವು, ನಡುವೆ ಅವಳು ಗಾಣದೆತ್ತಿನ ಹಾಗೆ ತಿರುಗುತ್ತಿದ್ದಳು. ಮಕ್ಕಳಿಗೆಲ್ಲ ಅವಳು ಬೆನ್ನ ಹಿಂದಿನ ಧ್ವನಿ. ಏಳಿ ಎಂದರೆ ಏಳಬೇಕು, ಕೂರಿ ಎನ್ನುವವರೆಗೆ ಕೂರಬಾರದು. ನಾಲ್ಕನೆಯ ಕ್ಲಾಸು ಪಡುವಣ ಗೋಡೆಗೆ. ಅಲ್ಲೇ ಆ ಕಾಂಚನಾ, ಜಟ್ಟೆಪ್ಪನ ಮಗಳು, ನೀರಿನ ಸಾಲಿನಲ್ಲಿ ನಿಂತು ತಡವಾಗಿ ಬಂದಳೆಂದು ನಿಂತಿದ್ದದ್ದು. ನಿಲ್ಲಿಸಿದ್ದು ಮರೆತುಹೋಗಿತ್ತು ದಮಯಂತಿಗೆ. ಬಸ್ಸು ತಪ್ಪೀತೆಂದು ಗಂಟೆ ಹೊಡೆದವಳೇ ಛತ್ರಿ ಹಿಡಿದು ಓಡಿದ್ದಳು. ಕತ್ತಲಾಗುವಾಗ ಅಪ್ಪ ಹುಡುಕಿಕೊಂಡು ಬಂದರೆ ಹುಡುಗಿ ಖಾಲಿ ಶಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ, ಕೈಕಟ್ಟಿ, ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡು ನಿಂತಿದ್ದಳಂತೆ. ‘ಅಕ್ಕೋರು ಕೂಡು ಅಂದಿಲ್ಲ’ ಎಂದಳಂತೆ. ಮರುದಿನ ಜಟ್ಟೆಪ್ಪ ಬಂದು ಕೈಮುಗಿದು, “ಭಾಳ ಶಿಸ್ತು ಕಲಿಸೀರಿ ಅಕ್ಕೋರ” ಎಂದ. ಅದು ಹೊಗಳಿಕೆಯೋ ಕುಟುಕೋ ಎಂದು ಅವಳಿಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು. ಹೊಗಳಿಕೆ ಎಂದೇ ಇಟ್ಟುಕೊಂಡು ಸಂಘದ ಸಭೆಗಳಲ್ಲಿ ಆ ಕಥೆ ಹೇಳುತ್ತ ಬಂದಳು. ಮರೆತದ್ದನ್ನೂ ಚಡ್ಡಿಯನ್ನೂ ಬಿಟ್ಟು ಹೇಳುತ್ತಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದರು. ಈಗ ಆ ಕಾಂಚನಾ ತುಂಬು ಬಸುರಿ. ಇನ್ನೂ ಹೆತ್ತಿರಲಿಕ್ಕಿಲ್ಲ, ಹೆರುವ ಮೊದಲೇ ಬೇರೆ ಕಡೆ ಹೋದರೆ ಅವಳಿಗೂ ಒಳ್ಳೆಯದೇ ಎಂದು ಬಸ್ಸಿನ ಕಂಬಿಗೆ ಹಣೆ ಆನಿಸಿ ತನಗೆ ತಾನೇ ಹೇಳಿಕೊಂಡಳು.

ಗುಡ್ಡದ ದಾರಿ ಹತ್ತಿ ಬಂದಾಗ ಮೊದಲಿಗೆ ಶಾಲೆಯೇ ಗುರುತು ಸಿಗಲಿಲ್ಲ. ಸಂಘದ ಪೇಂಟರು ಕಲ್ಲಿನ ಗೋಡೆಗೆಲ್ಲ ಗುಲಾಬಿ ಬಣ್ಣ ಬಳಿದು, ಅದು ಕಲ್ಲಿನ ಗೋಡೆಯಂತೆ ಕಾಣಲಿ ಎಂದು ಮೇಲೆ ಬಿಳಿ ಗೆರೆ ಎಳೆಯುತ್ತಿದ್ದ. ಒಳಗಿನಿಂದ ಬೆಳ್ಳುಳ್ಳಿಯ, ಬಜೆಯ, ಕೆಂಡದ ಹೊಗೆಯ ವಾಸನೆ ಬಂತು. ದಮಯಂತಿಯ ಕಾಲು ಹೊಸ್ತಿಲ ಹೊರಗೇ ನಿಂತಿತು. “ಬರ್ರಿ ಅಕ್ಕೋರ, ಬರ್ರಿ!” ಎಂದು ಭೀಮಮ್ಮ ಎದ್ದು ಬಂದಳು, ಮುಖವೆಲ್ಲ ಹಿಗ್ಗು. “ಬುಧವಾರ ಹೆತ್ತಳ್ರಿ. ಹೆಣ್ಣದ. ನಿಮಗ ಯಾರ್ ಹೇಳಿದ್ರು? ನಾನೇ ಹೇಳಿ ಕಳಸಬೇಕಂತಿದ್ದೆ.” ಪಡುವಣ ಗೋಡೆಯ ಬುಡದಲ್ಲಿ, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಕಾಂಚನಾ ಮಲಗಿದ್ದಳು, ಪಕ್ಕದಲ್ಲಿ ಬಟ್ಟೆಯ ಗಂಟಿನಂಥದೊಂದು ಮಿಸುಕುತ್ತಿತ್ತು. ಅವಳು ನಕ್ಕಳು, ಏಳಲು ಹೋದಳು; ಭೀಮಮ್ಮ ಭುಜ ಒತ್ತಿ ಮಲಗಿಸಿದಳು. “ನಾಳಿಗಿ ಐದನೇ ದಿನ, ಐದೇಶಿ ಅದ ರಿ ಅಕ್ಕೋರ. ಸಟವಿ ತಾಯಿ ಬಂದು ಕೂಸಿನ ಹಣಿಬರಾ ಬರೀತಾಳ. ಎಲ್ಲಾರೂ ಬಿಳಿ ಹಾಳಿ ಇಡ್ತಾರ. ನಾ ಅಂದೆ, ಸಾಲ್ಯಾಗ ಹುಟ್ಟಿದ ಕೂಸು, ಪಾಟಿ ಬಳಪ ಇಡೋಣು ಅಂತ. ಕಪಾಟಿನ್ಯಾಗ ಒಂದು ಸಿಕ್ತು. ಇಡ್ಲೇನ್ರಿ?” ಕೂಸಿನ ತಲೆದೆಸೆಯಲ್ಲಿ ಆಗಲೇ ಇಟ್ಟಿದ್ದಳು. ಮರದ ಚೌಕಟ್ಟಿನ ಹಳೆಯ ಸ್ಲೇಟು, ತೊಳೆದು, ಅರಿಶಿನ ಹಚ್ಚಿ. ದಮಯಂತಿ “ಇಡಿ” ಎಂದಳು.

ಬಸ್ಸಿನಲ್ಲಿ ಕೂಡಿಸಿಟ್ಟಿದ್ದ ಮಾತೆಲ್ಲ ಬಸುರಿಗೆ ಹೇಳುವ ಮಾತು. ಹಸಿ ಬಾಣಂತಿಗೆ ಹೇಳುವುದು ಏನೂ ಅದರಲ್ಲಿರಲಿಲ್ಲ. ವಾಪಸು ಹೋಗಿಬಿಡಲೇ? ಹೋಗಿ ಜಯಶೀಲರ ಎದುರು ಕೂತು, ಆಗುವುದಿಲ್ಲ ಎನ್ನಲೇ? ಗೋಣಿಯೊಳಗೆ ಕಲ್ಲು, ಕಲ್ಲಿನಲ್ಲಿ ಹೆಸರು. ಅವಳು ಹೊಸ್ತಿಲು ದಾಟಿ ಒಳಗೆ ಬಂದು ಸುತ್ತ ನೋಡಿದಳು. ನಕ್ಷೆ ತೂಗುತ್ತಿದ್ದ ಮೊಳೆಗೆ ಕೂಸು ತೂಗುವ ಜೋಳಿಗೆ ಕಟ್ಟಲು ಹಗ್ಗ ಬಿಟ್ಟಿದ್ದರು. ಕರಿಹಲಗೆಯನ್ನು ಮೂಲೆಗೆ ಅಡ್ಡ ಇಟ್ಟು ಬಚ್ಚಲು ಮಾಡಿದ್ದರು. ಅದರ ಕೆಳಗಿನಂಚು ನೀರು ಕುಡಿದು ಉಬ್ಬಿತ್ತು. ಗೋಡೆಗೆ ಮಸಿ. ಸಿಟ್ಟು ಬಂತು. ಅಬ್ಬ, ಬಂತಲ್ಲ ಎಂದು ದಮಯಂತಿ ಅದನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. “ಎಂತ ಮಾಡಿಟ್ಟಿದ್ದೀರಿ ಭೀಮಮ್ಮ ಇದು? ಶಾಲೆಯಾ ಇದು, ದನದ ಹಟ್ಟಿಯಾ?” ಭೀಮಮ್ಮನ ನಗು ಹಾಗೇ ಮುಖದಲ್ಲಿ ಉಳಿಯಿತು. “ತೊಳ್ದು ಕೊಡ್ತೀವ್ರಿ. ಸಾರಿಸಿ ಕೊಡ್ತೀವಿ.” “ತೊಳೆಯೋದಲ್ಲ. ಇವತ್ತೇ ಖಾಲಿ ಮಾಡ್ಬೇಕು. ನಾಳೆ ಬೆಳಿಗ್ಗೆ ದೊಡ್ಡ ದೊಡ್ಡವರು ಬರ್ತಾರೆ, ಕಾರ್ಯಕ್ರಮ ಉಂಟು.” ಪೇಂಟರನ ಬ್ರಶ್ಶಿನ ಸದ್ದೂ ನಿಂತಿತು. ಕೇಳುತ್ತಿದ್ದಾನೆ ಮುಂಡೆಗಂಡ ಎಂದುಕೊಂಡಳು.

“ಎಲ್ಲಿ ಒಯ್ಲಿ ರಿ?” ಎಂದಳು ಭೀಮಮ್ಮ. ಬೇಡಿಕೊಳ್ಳುವ ದನಿಯಲ್ಲ, ಸುಮ್ಮನೆ ಕೇಳಿದಳು. ಆಮೇಲೆ ಹತ್ತಿರ ಬಂದು ದಮಯಂತಿಯ ಕೈ ಹಿಡಿದಳು. ಕಲ್ಲೊಡೆದ ಕೈ, ಒರಟು. “ನಾಳಿ ಒಂದಿನ ಬಿಡ್ರಿ ಅಕ್ಕೋರ. ಸಟವಿ ಹುಟ್ಟಿದ ಜಾಗಕ್ಕೇ ಬರ್ತಾಳ. ಹಾಸಿಗಿ ಸರಿಸಿದ್ರ ಆಕಿ ಎಲ್ಲಿ ಹುಡುಕ್ಯಾಳು? ಬರೀದೇ ಹೊಂಟೋದ್ರ ಕೂಸಿಗಿ ಹಣಿಬರಾನೇ ಇರಂಗಿಲ್ಲ. ಸೋಮವಾರ ನಸಿಕಿನ್ಯಾಗ ನಾವಾಗೇ ಹೊಂಟು ಹೋಗ್ತೀವಿ.” ಕೈ ಬಿಡಿಸಿಕೊಳ್ಳಲು ನೋಡಿದರೆ ಅವಳು ಬಿಡಲಿಲ್ಲ. “ನೀವೇ ಅಂದಿದ್ರಿ. ಬಾಣತನ ಮುಗಿಯೋತನ ಇರ್ರಿ ಅಂತ ನೀವೇ ಅಂದಿದ್ರಿ.” ಈ ಮಾತನ್ನು ಎರಡು ಸಲ ಹೇಳಬಾರದಿತ್ತು. ಒಂದು ಸಲ ಹೇಳಿದ್ದರೆ ದಮಯಂತಿ ಅತ್ತುಬಿಡುತ್ತಿದ್ದಳೋ ಏನೋ. ಭೀಮಮ್ಮ ಹೋಗಿ ಹೊಸ್ತಿಲ ಮೇಲೆ ಅಡ್ಡಲಾಗಿ ಕೂತಳು. “ಈ ಗ್ವಾಡಿ ನನ್ ಗಂಡ ಕಟ್ಯಾನ್ರಿ. ನಾ ಏಳಂಗಿಲ್ಲ.” ಹೌದು, ಅವನೇ ಕಟ್ಟಿದ್ದು. ಹೊರಗೆ ಪೇಂಟರ, ಒಳಗೆ ಬಾಣಂತಿ, ನಡುವೆ ಹೊಸ್ತಿಲ ಮೇಲೆ ಒಬ್ಬ ಹೆಂಗಸು ತನ್ನ ಮಾತಿಗೆ ಮೂರು ಕಾಸಿನ ಬೆಲೆ ಕೊಡದೆ ಕೂತಿದ್ದಾಳೆ ಎಂಬುದಷ್ಟೇ ದಮಯಂತಿಗೆ ಕಂಡಿತು. ಅವಳು ಪಡುವಣ ಗೋಡೆಯ ಕಡೆ ತಿರುಗಿದಳು. ಜೇಷ್ಠಮಧುವಿನ ಚೂರನ್ನು ನುಂಗಿದಳು.

“ಕಾಂಚನಾ! ಏಳು!”

ಕಾಂಚನಾ ಎದ್ದಳು. ಯೋಚಿಸಿ ಎದ್ದವಳಲ್ಲ, ಮೊಣಕಾಲೂರಿ, ಗೋಡೆ ಹಿಡಿದು, ತುಟಿ ಕಚ್ಚಿ ಎದ್ದು ನಿಂತು, ಎರಡು ಕೈಯನ್ನೂ ಎದೆಯ ಮೇಲೆ ಕಟ್ಟಿದಳು. ಬೆನ್ನು ನೆಟ್ಟಗಾಯಿತು. ಕಾಲಿನ ಬಳಿ ನೆಲದ ಮೇಲೆ ಒಂದೆರಡು ಕೆಂಪು ಹನಿ ಬಿತ್ತು, ಆಮೇಲೆ ಇನ್ನಷ್ಟು. “ಏ ಹುಚ್ಚಿ, ಕೂಡು! ಕೂಡಬೇ!” ಎಂದು ಭೀಮಮ್ಮ ಹೊಸ್ತಿಲು ಬಿಟ್ಟು ಓಡಿ ಬಂದು ಅವಳ ತೋಳು ಜಗ್ಗಿದಳು. “ಅಕ್ಕೋರು ಅಂದಾರ, ಯವ್ವಾ” ಎಂದಳು ಕಾಂಚನಾ. ದಮಯಂತಿ ಆ ಹನಿಗಳನ್ನು ನೋಡಿದಳು, ನೋಡಲಿಲ್ಲವೆಂದಲ್ಲ. ಆದರೆ ಕಿವಿಯಲ್ಲಿ ತುಂಬಿದ್ದದ್ದು ಬೇರೆ. ಧ್ವನಿ ಇತ್ತು! ಹೋಗಿರಲಿಲ್ಲ! ತಗಡಿಗೆ ತಾಗಿ ಇನ್ನೂ ಗುಂಯ್‌ಗುಡುತ್ತಿತ್ತು. ನಾಚಿಕೆಗೆಟ್ಟ ಸಂತೋಷವೊಂದು ಮೈತುಂಬ ಹರಿದು ತುಟಿಯವರೆಗೆ ಬಂತು. ಅದನ್ನು ನುಂಗಿಕೊಂಡು, “ಹೊರಗೆ ನಡಿ” ಎಂದಳು. ಕಾಂಚನಾ ಒಂದು ಕೈಯಲ್ಲಿ ಗೋಡೆ ಹಿಡಿದು ನಡೆದಳು. ಹೊಸ್ತಿಲು ಖಾಲಿಯಾಗಿತ್ತು. ಕೂಸನ್ನು ಎತ್ತಿಕೊಂಡು ಹಿಂದೆ ಹೋಗುವುದು ಬಿಟ್ಟು ಭೀಮಮ್ಮನಿಗೆ ಬೇರೆ ದಾರಿ ಉಳಿಯಲಿಲ್ಲ. ಹೋಗುವಾಗ ಅವಳು ಬಗ್ಗಿ ಸ್ಲೇಟು ತೆಗೆದುಕೊಳ್ಳಲು ನೋಡಿದಳು. “ಅದು ಇರ್ಲಿ. ಅದು ಬೇಕು” ಎಂದಳು ದಮಯಂತಿ. ಸಂಜೆಯೊಳಗೆ ಅವರು ನೂರು ಮಾರು ಆಚೆ, ಒಡೆಯದೆ ಬಿಟ್ಟ ಒಂದು ಬಂಡೆಯ ಮಗ್ಗುಲಿಗೆ ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ ಇಳಿಬಿಟ್ಟುಕೊಂಡರು. ಪೇಂಟರ ಒಳಗೆ ಬಂದು ನೆಲದ ಕಲೆ ನೋಡಿ, ಕೆಂಪು ಆಕ್ಸೈಡ್ ಹೊಡೆದರೆ ಕಾಣುವುದಿಲ್ಲ ಎಂದ. ಹೊಡಿ ಎಂದಳು.

ಮರುದಿನ ಅವಳು ಹಳೆಯ ಕಾಟನ್ ಸೀರೆಯನ್ನೇ ಉಟ್ಟು ಹೋದಳು. ಪೆಂಡಾಲು, ಕುರ್ಚಿ, ಲೌಡ್‌ಸ್ಪೀಕರು, ವಿಡಿಯೋದವನು. ಶಾಲೆಯ ಅಂಗಳಕ್ಕೆ ಹಗ್ಗ ಎಳೆದಿದ್ದರು. ಖಾಣಿಯ ಮಕ್ಕಳು ಹಗ್ಗದಾಚೆ ಮೂಗು ಸುರಿಸುತ್ತ ನಿಂತಿದ್ದವು. ಹಗ್ಗದೀಚೆ ಚಾಪೆಯ ಮೇಲೆ ಡೊಂಬಿವಲಿಯಿಂದ ಬಸ್ಸಿನಲ್ಲಿ ತಂದ ಸಂಘದ ಮಕ್ಕಳು. ಹೊಸ ಚಡ್ಡಿಗಳಿಗೆ ಹೊಸ ತೇಪೆ ಹಾಕಿಸಿ, ಹುಡುಗಿಯರಿಗೆ ಎರಡು ಜಡೆ ಹೆಣೆದು, ಬಡವರ ಮಕ್ಕಳ ಹಾಗೆ ಸಿಂಗರಿಸಿದ್ದರು. ಮುಂದೆಯೇ ಜಯಶೀಲರ ಮೊಮ್ಮಗಳು ದಿಶಾ, ಕೆನ್ನೆಗೆ ಚೂರು ಮಣ್ಣು. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಸ್ಲೇಟು. ಖಾಲಿ ಇದ್ದರೆ ಚೆಂದವಿಲ್ಲವೆಂದು ಜಯಲತಾ ಅದರ ಮೇಲೆ ಬಿಳಿ ಪೇಂಟಿನಲ್ಲಿ ಅ ಆ ಇ ಈ ಬರೆಸಿದ್ದಳು. ಇನ್ನು ಅದರ ಮೇಲೆ ಯಾರೂ ಏನೂ ಬರೆಯುವ ಹಾಗಿರಲಿಲ್ಲ. ಪರದೆ ಸರಿದಾಗ ಕಲ್ಲಿನಲ್ಲಿ ದಮಯಂತಿಯ ಹೆಸರು ಬಿಸಿಲಿಗೆ ಹೊಳೆಯಿತು. ಅವಳು ಅದನ್ನು ನೋಡಿ ಮುಗಿಸುವ ಮೊದಲೇ ಮೈಕು ಕೈಗೆ ಬಂತು. ತಾಡಪತ್ರಿಯ ಕಡೆ ಕಾಣದಿರಲಿ ಎಂದು ಸಂಘದ ಬ್ಯಾನರು ಕಟ್ಟಿದ್ದರು. ಗಾಳಿಗೆ ಅದು ಆಗಾಗ ಏಳುತ್ತಿತ್ತು, ನೀಲಿ ಕಾಣುತ್ತಿತ್ತು.

ನಿಂತ ಹುಡುಗಿಯ ಕಥೆ ಹೇಳಿದಳು. ಬಾಯಿಪಾಠವಾದ ಕಥೆ, ತಡವರಿಸದೆ ಹೊರಬಂತು. “ಈಗ ಟೀಚರು ಒಮ್ಮೆ ಅಂದಿನ ಹಾಗೆಯೇ...” ಎಂದರು ಜಯಶೀಲರು. ದಮಯಂತಿ ಚಾಪೆಯ ಮುಂದೆ ನಿಂತು “ಏಳಿ” ಎಂದಳು. ಯಾರೂ ಏಳಲಿಲ್ಲ. ಕನ್ನಡ ತಿಳಿಯದ ದಿಶಾ ತಿರುಗಿ, ಆಂಟಿ ಏನಂದರು, ಎದ್ದು ನಿಲ್ಲಬೇಕಾ ಎಂದು ಅಜ್ಜಿಯನ್ನು ಹಿಂದಿಯಲ್ಲಿ ಕೇಳಿದಳು: “ದಾದೀ, ಕ್ಯಾ ಬೋಲಾ ಆಂಟೀನೇ? ಖಡೇ ಹೋನಾ ಹೈ ಕ್ಯಾ?” ಕುರ್ಚಿಗಳಿಂದ ನಗು ಎದ್ದಿತು. ಒಳ್ಳೆಯ ನಗುವೇ, ಮಗುವಿಗಾಗಿ ನಕ್ಕ ನಗು; ಆದರೆ ದಮಯಂತಿಯ ಕಿವಿ ಬಿಸಿಯಾಯಿತು. ತನ್ನನ್ನು, ತನ್ನ ಹಳೆಯ ಸೀರೆಯನ್ನು ಎಲ್ಲರೂ ನೋಡುತ್ತಿದ್ದಾರೆ. ಮೈಕನ್ನು ಕೆಳಗಿಳಿಸಿ, ನಿನ್ನೆ ಧ್ವನಿ ಸಿಕ್ಕ ಜಾಗದಿಂದಲೇ ಅದನ್ನು ಎಳೆದು ತೆಗೆದು, “ಏಳಿ!” ಎಂದು ಕೂಗಿದಳು. ಆ ಕೂಗು ಖಾಣಿಯ ಗೋಡೆಗೆ ಹೋಗಿ ಬಡಿದು ವಾಪಸು ಬಂತು. ಚಾಪೆಯ ಮಕ್ಕಳು ಹೆದರಿ ಕೂತಲ್ಲೇ ಕೂತವು. ಗಾಳಿಗೆ ಬ್ಯಾನರು ಎದ್ದಿತು. ಬಂಡೆಯ ಮಗ್ಗುಲಲ್ಲಿ, ತಾಡಪತ್ರಿಯ ಮುಂದೆ, ತಲೆಗೆ ಬಟ್ಟೆ ಕಟ್ಟಿದ ಕಾಂಚನಾ ಕೂಸನ್ನು ನೆಲಕ್ಕಿಟ್ಟು ಎದ್ದು ನಿಲ್ಲುತ್ತಿದ್ದಳು. ನಿಂತಳು. ಕೈ ಕಟ್ಟಿದಳು.

ಮೊದಲು ನೋಡಿದವಳು ಜಯಲತಾ. “ಅಯ್ಯೋ ದೇವ್ರೇ, ಅವಳೇ ಅಲ್ವಾ? ಆ ನಿಂತ ಹುಡುಗಿ!” ಎಂದು ದಮಯಂತಿಯ ಕೈಯ ಮೈಕು ಎಳೆದುಕೊಂಡು ಹೇಳಿಬಿಟ್ಟಳು. ಜನ ಕುರ್ಚಿ ಬಿಟ್ಟೆದ್ದು ನೋಡಿದರು. ಚಪ್ಪಾಳೆ ಒಂದು ಕಡೆಯಿಂದ ಶುರುವಾಗಿ ಪೆಂಡಾಲೆಲ್ಲ ಹಬ್ಬಿತು. ಯಾರೋ ಕಣ್ಣೊರೆಸಿಕೊಂಡರು. ವಿಡಿಯೋದವನು ಹಗ್ಗ ದಾಟಿ ಓಡಿದ. ಜಯಶೀಲರು ಕಿವಿಯ ಹತ್ತಿರ ಬಗ್ಗಿ, “ಒಳ್ಳೆ ಐಡಿಯಾ ಮಾಡಿದ್ರಿ ಟೀಚರೇ. ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ?” ಎಂದರು. “ಸರ್‌ಪ್ರೈಸ್ ಇರ್ಲಿ ಅಂತ” ಎಂದಳು ದಮಯಂತಿ. ಅಂದದ್ದು ತಾನೇ, ಬೇರೆ ಯಾರೂ ಅಲ್ಲ. ಕಾಂಚನಾ ಇತ್ತ ಕಡೆಯೇ ನೋಡುತ್ತಿದ್ದಳು. ಈ ಸಲ ಅವಳ ಮುಖ ಗೋಡೆಯ ಕಡೆ ಇರಲಿಲ್ಲ. ಭಕ್ತಿಯೋ, ಅಪ್ಪನ ಹಾಗೆ ಕುಟುಕೋ, ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಭೀಮಮ್ಮ ಮಗಳ ಸೆರಗು ಹಿಡಿದು ಕೆಳಕ್ಕೆ ಜಗ್ಗುತ್ತಿದ್ದಳು, ಅವಳು ಕದಲುತ್ತಿರಲಿಲ್ಲ. ನೆಲದ ಮೇಲೆ ಕೂಸು ಅಳುತ್ತಿದ್ದಿರಬೇಕು, ಪುಟ್ಟ ಕೈ ಆಡುವುದು ಕಾಣುತ್ತಿತ್ತು. ಕೂರು ಎನ್ನಬೇಕಿತ್ತು. ಒಂದೇ ಮಾತು. ಧ್ವನಿಯೂ ಗಂಟಲಲ್ಲೇ ಸಿದ್ಧವಾಗಿತ್ತು. ಆದರೆ ಕೂರು ಎಂದರೆ ಅವಳು ಕೂತುಬಿಡುತ್ತಾಳೆ, ಜನರೂ ಕೂರುತ್ತಾರೆ. ಜಯಶೀಲರು ಶಾಲು ಬಿಡಿಸಿದರು. ಚಪ್ಪಾಳೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡು ದಮಯಂತಿ ಕುತ್ತಿಗೆ ಬಗ್ಗಿಸಿದಳು.